ರೇಷ್ಮೆ ಹುಳು ಮನೆಯಲ್ಲಿ ಉಬ್ಬಿದ ಬ್ಯಾಟರಿ: ಅಕ್ಕನ ಮಗಳ ಲ್ಯಾಪ್‌ಟಾಪ್ ರಿಪೇರಿ, ಏಪ್ರಿಲ್ 2025

ಕೆಲಸ ಮುಗಿದು ನಾಲ್ಕು ದಿನ ಆಯ್ತು. ಅಳತೆ, ಖರ್ಚು ಎಲ್ಲ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನಾನು ಶಿಡ್ಲಘಟ್ಟದಲ್ಲಿ ಮೋಟಾರು ರೀವೈಂಡಿಂಗ್ ಮಾಡುವವನು. ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬಲ್ಲ. ಬಿಡುವಿದ್ದಾಗ ನೆಂಟರದ್ದು, ಸ್ನೇಹಿತರದ್ದು ಬಿಚ್ಚಿ ಸರಿ ಮಾಡಿಕೊಡುತ್ತೇನೆ. ಈ ಸಲ ನಾನು ಮಾಡಿದ ತಪ್ಪುಗಳು ಸಣ್ಣವಲ್ಲ. ಅದಕ್ಕೇ ಅವನ್ನೂ ಬಿಡದೆ ಬರೆದಿದ್ದೇನೆ.

ಏಪ್ರಿಲ್ 6, ಭಾನುವಾರ

ರಾಮನವಮಿ. ಅಕ್ಕನ ಊರಿಗೆ ಹೋಗಿದ್ದೆ. ಪಾನಕ ಕುಡಿದು ಕೂತಿದ್ದಾಗ ಅಕ್ಕನ ಮಗಳು ಪುಟ್ಟಿ ತನ್ನ ಲ್ಯಾಪ್‌ಟಾಪ್ ತಂದಳು.

"ಮಾವ, ಮೌಸ್ ಪ್ಯಾಡ್ ಒತ್ತಿದ್ರೆ ಕ್ಲಿಕ್ ಆಗಲ್ಲ. ಒಂದು ತಿಂಗಳಾಯ್ತು."

ನೆಲದ ಮೇಲಿಟ್ಟು ಒಂದು ಮೂಲೆ ಒತ್ತಿದೆ. ಎದುರಿನ ಮೂಲೆ ಮೇಲೆದ್ದಿತು. ತಿರುಗಿಸಿ ನೋಡಿದರೆ ಅಡಿಯ ಕವರ್ ನಡುವಿನಲ್ಲಿ ಉಬ್ಬಿಕೊಂಡಿತ್ತು. ಪಕ್ಕದ ಸಂದಿಯಲ್ಲಿ ಎಟಿಎಂ ಕಾರ್ಡು ಸಲೀಸಾಗಿ ತೂರುತ್ತಿತ್ತು. ಮೌಸ್ ಪ್ಯಾಡ್ ಕೆಟ್ಟಿರಲೇ ಇಲ್ಲ. ಅದರ ಕೆಳಗಿರುವ ಬ್ಯಾಟರಿ ಉಬ್ಬಿ, ಅದನ್ನು ಮೇಲಕ್ಕೆ ತಳ್ಳುತ್ತಿತ್ತು.

"ಸರಿಯಾಗಿ ಮುಚ್ಚೋಕಾಗಲ್ಲ ಅಂತ ರಾತ್ರಿ ಹೊತ್ತು ಮೇಲೆ ಎರಡು ದಪ್ಪ ಪುಸ್ತಕ ಇಡ್ತಿದ್ದೆ" ಅಂದಳು. ಎದೆ ಝಲ್ ಅಂತು. ಚಾರ್ಜಿಗೆ ಎಲ್ಲಿ ಹಾಕುತ್ತೀಯಾ ಅಂತ ಕೇಳಿದೆ. "ಹುಳು ಮನೇಲಿ ಮಾವ. ಅಲ್ಲಿ ಯುಪಿಎಸ್ ಇದೆ, ಕರೆಂಟ್ ಹೋದ್ರೂ ಚಾರ್ಜ್ ಆಗ್ತದೆ."

ಎದ್ದು ಹೋಗಿ ನೋಡಿದೆ. ಪ್ಲಗ್ಗಿನ ಕೆಳಗೆ ಪ್ಲಾಸ್ಟಿಕ್ ಸ್ಟೂಲು. ಅದರಿಂದ ಎರಡು ಅಡಿ ದೂರಕ್ಕೆ ಚಂದ್ರಂಕಿಗಳನ್ನು (ರೇಷ್ಮೆ ಹುಳು ಗೂಡು ಕಟ್ಟುವ ತಟ್ಟೆ) ಗೋಡೆಗೆ ಒರಗಿಸಿ ಜೋಡಿಸಿದ್ದರು. ಒಣಗಿದ ಬಿದಿರು. ಕೆಳಗೆ ಹಳೇ ಪೇಪರು, ಗೋಣಿಚೀಲ. ಹುಳು ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿತ್ತು. ರಾತ್ರಿ ಹತ್ತಕ್ಕೆ ಸೊಪ್ಪು ಕೊಟ್ಟು ಬಾಗಿಲು ಹಾಕಿದರೆ ಬೆಳಗಿನ ಜಾವದವರೆಗೆ ಅಲ್ಲಿ ಯಾರೂ ಇರುವುದಿಲ್ಲ.

ಉಬ್ಬಿದ್ದೆಲ್ಲ ಹೊತ್ತಿಕೊಳ್ಳುತ್ತೆ ಅಂತಲ್ಲ. ಸೆಲ್ಲಿನ ಒಳಗೆ ಗ್ಯಾಸು ತುಂಬಿದೆ ಅಂತ ಅರ್ಥ. ಆದರೆ ಅಂಥ ಸೆಲ್ಲನ್ನು ಒತ್ತಿದರೆ, ಬಗ್ಗಿಸಿದರೆ, ಒಳಗಿನ ತೆಳು ಪರದೆ ಹರಿದು ಎರಡು ಪದರ ಒಂದಕ್ಕೊಂದು ತಾಕಬಹುದು. ತಾಕಿದರೆ ಬಿಸಿ ಏರುತ್ತಾ ಹೋಗುತ್ತೆ. ಚಾರ್ಜರ್ ಕಿತ್ತರೂ ನಿಲ್ಲುವುದಿಲ್ಲ. ಅದರ ಮೇಲೆ ರಾತ್ರಿ ಹೊತ್ತು ಪುಸ್ತಕದ ಭಾರ ಹೇರಿದ್ದಳು.

ಭಾವ ಕೇಳಿದರು: "ಕಂಪನಿ ಮಾಲೇ ಆಗಿದ್ರೆ ಹಿಂಗೆ ಆಗ್ತಿರಲಿಲ್ಲ, ಅಲ್ವಾ?" ಹಾಗೂ ಹೇಳೋಕಾಗಲ್ಲ ಭಾವ ಅಂದೆ. 2006ರಲ್ಲಿ ಡೆಲ್ ಕಂಪನಿ ಸುಮಾರು 41 ಲಕ್ಷ ಬ್ಯಾಟರಿ ವಾಪಸ್ ಕರೆಸಿಕೊಂಡಿತ್ತು. ಸೆಲ್ ಮಾಡಿದ್ದು ಸೋನಿ. ತಯಾರಿಸುವಾಗ ಒಳಗೆ ಸೇರಿಕೊಂಡ ಲೋಹದ ಸಣ್ಣ ಚೂರುಗಳೇ ಕಾರಣ. ಅಷ್ಟು ದೊಡ್ಡವರ ಕೈಯಲ್ಲೇ ಆಗಿದೆ. ಪುಟ್ಟಿಯ ಲ್ಯಾಪ್‌ಟಾಪಿನದಂತೂ ಕಂಪನಿಯ ಬ್ಯಾಟರಿಯೂ ಅಲ್ಲ. 2019ರ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅದು. 2022ರಲ್ಲಿ ಒಂದು ಅಂಗಡಿಯಲ್ಲಿ ಬ್ಯಾಟರಿ ಬದಲಾಯಿಸಿದ್ದರು. ಬಿಲ್ ಇಲ್ಲ.

ಇಲ್ಲೇ ನನ್ನ ಮೊದಲ ತಪ್ಪು. ತಕ್ಷಣ ಮನೆಯಿಂದ ಆಚೆ ಸಾಗಿಸಬೇಕು ಅನ್ನುವ ಆತುರದಲ್ಲಿ ಅದನ್ನು ಸ್ಕೂಟರಿನ ಸೀಟಿನ ಕೆಳಗಿನ ಡಬ್ಬದಲ್ಲಿಟ್ಟು ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ 9 ಕಿಲೋಮೀಟರ್ ಬಂದೆ. ಉಬ್ಬಿದ ಬ್ಯಾಟರಿ, ಕೆಳಗೆ ಎಂಜಿನ್ ಬಿಸಿ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು. ಮನೆಗೆ ಬಂದು ಡಬ್ಬ ತೆಗೆದು ಕೈ ಇಟ್ಟಾಗ ಲ್ಯಾಪ್‌ಟಾಪ್ ಬೆಚ್ಚಗಿತ್ತು. ಅವತ್ತು ಅದನ್ನು ಅಕ್ಕನ ಮನೆಯ ಹಿತ್ತಲಲ್ಲೇ ನೆರಳಿನ ಕಲ್ಲಿನ ಮೇಲೆ ಇಡಬೇಕಿತ್ತು. ಸಂಜೆ ತಂಪಾದ ಮೇಲೆ ಸಾಗಿಸಬೇಕಿತ್ತು.

ಏಪ್ರಿಲ್ 7, ಸೋಮವಾರ: ಚಾರ್ಜ್ ಇಳಿಸಿದ್ದು

ಬಿಚ್ಚುವ ಮುಂಚೆ ಚಾರ್ಜ್ ಇಳಿಸಬೇಕು. ತುಂಬಿದ ಸೆಲ್ಲಿಗೆ ಏಟು ಬಿದ್ದರೆ ಆಗುವ ಅನಾಹುತ ಖಾಲಿ ಸೆಲ್ಲಿಗೆ ಬಿದ್ದರೆ ಆಗುವುದಕ್ಕಿಂತ ತುಂಬಾ ಜಾಸ್ತಿ. ಅಂಗಡಿ ಹಿಂದಿನ ಬಯಲಿನಲ್ಲಿ, ನೆರಳಿನಲ್ಲಿ, ಕಲ್ಲು ಚಪ್ಪಡಿಯ ಮೇಲೆ ಇಟ್ಟೆ. ನಮ್ಮ ಕಡೆ ಚಪ್ಪಡಿಗೆ ಬರವಿಲ್ಲ. ಪಕ್ಕದಲ್ಲಿ ಎರಡು ಬಕೆಟ್ ನೀರು, ಒಂದು ಬಾಣಲೆ ಒಣ ಮರಳು. ನೀರು ಯಾಕೆ ಅಂತ ನನ್ನ ಹುಡುಗ ಕೇಳಿದ. ಇಷ್ಟು ಚಿಕ್ಕ ಬ್ಯಾಟರಿಗೆ ಬೆಂಕಿ ಬಿದ್ದರೆ ಬೇಕಾಗುವುದು ತಂಪು. ಮರಳು ಉರಿಯನ್ನು ಅಲ್ಲೇ ಹಿಡಿದಿಡುತ್ತೆ, ಸೆಲ್ಲನ್ನು ತಣ್ಣಗೆ ಮಾಡಲ್ಲ. ಪ್ಲಗ್ ಕಿತ್ತಿರಬೇಕು, ಹೊಗೆಗೆ ಮುಖ ಕೊಡಬಾರದು, ಆ ಹೊಗೆ ವಿಷ. ಇಷ್ಟನ್ನು ಅವನಿಗೆ ಎರಡು ಸಲ ಹೇಳಿಸಿಕೊಂಡೆ.

ಚಾರ್ಜರ್ ಇಲ್ಲದೆ ಆನ್ ಮಾಡಿದೆ. ಶೇ. 64 ಇತ್ತು. ಪುಟ್ಟಿಯ ಫೈಲುಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡೆ. ವಿಂಡೋಸ್‌ನಲ್ಲೇ ಬರುವ ಬ್ಯಾಟರಿ ರಿಪೋರ್ಟ್ ತೆಗೆದೆ. ಮೂಲ ಸಾಮರ್ಥ್ಯ 42 ವ್ಯಾಟ್ ಅವರ್, ಈಗ ತುಂಬುವುದು 17.6. ಅರ್ಧಕ್ಕಿಂತಲೂ ಕಡಿಮೆ. ಆಮೇಲೆ ಒಂದು ವಿಡಿಯೋ ಹಾಕಿ ಬಿಟ್ಟೆ, ಐದು ನಿಮಿಷಕ್ಕೊಮ್ಮೆ ಕೈಯಿಟ್ಟು ನೋಡುತ್ತಿದ್ದೆ. ಶೇ. 23ಕ್ಕೆ ಬಂದಾಗ ಫಟ್ ಅಂತ ಆಫ್ ಆಯ್ತು. ಮತ್ತೆ ಆನ್ ಆಗಲಿಲ್ಲ.

ಏಪ್ರಿಲ್ 8, ಮಂಗಳವಾರ: ಬಿಚ್ಚಿದ್ದು

ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆ, ಬಿಸಿಲೇರುವ ಮುಂಚೆ. ಜಾಗ ಅದೇ ಚಪ್ಪಡಿ. ಸಾಮಾನು: ಸ್ಟಾರ್ ಸ್ಕ್ರೂಡ್ರೈವರ್, ಹಳೇ ಸಿಮ್ ಕಾರ್ಡಿನ ಪ್ಲಾಸ್ಟಿಕ್ ಹಾಳೆ, ಮಲ್ಟಿಮೀಟರ್, ದಪ್ಪ ರಬ್ಬರ್ ಕೈಗವಸು, ಕನ್ನಡಕ.

ಅಡಿಯ ಕವರಿಗೆ 11 ಸ್ಕ್ರೂ ಇರಬೇಕು. ಇದ್ದದ್ದು 9. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ತೆಗೆದ ಸ್ಕ್ರೂವನ್ನು ಅದರದರ ಜಾಗದಲ್ಲೇ ಚುಚ್ಚುತ್ತಾ ಹೋದೆ. ಆಗ ಗೊತ್ತಾಯ್ತು. ಹಿಂಜಿನ ಹತ್ತಿರ ಇರಬೇಕಾದ 8 ಮಿ.ಮೀ. ಸ್ಕ್ರೂ ಬ್ಯಾಟರಿ ಇರುವ ಕಡೆ ಕೂತಿತ್ತು. ಅಲ್ಲಿ ಇರಬೇಕಾದದ್ದು 5 ಮಿ.ಮೀ.ದು. ತುದಿ ಬ್ಯಾಟರಿಯ ಮೂಲೆಯಿಂದ ಕೂದಲೆಳೆಯಷ್ಟು ದೂರದಲ್ಲಿತ್ತು.

ಇದನ್ನು ಸುಮ್ನೆ ಬಿಡೋ ಹಾಗಿಲ್ಲ. ಸ್ಕ್ರೂ ಅಂದರೆ ಸಣ್ಣ ವಿಷಯ ಅಂತ ನಾವು ರಿಪೇರಿ ಮಾಡುವವರೇ ಅಂದುಕೊಳ್ಳುತ್ತೇವೆ. 2018ರಲ್ಲಿ ಲೆನೊವೊದವರು ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನ ಐದನೇ ಪೀಳಿಗೆಯ ಲ್ಯಾಪ್‌ಟಾಪುಗಳನ್ನು ವಾಪಸ್ ಕರೆಸಿದ್ದು ಸರಿಯಾಗಿ ಬಿಗಿಯದೆ ಉಳಿದ ಒಂದು ಸ್ಕ್ರೂವಿಗಾಗಿ. ಅದು ಬ್ಯಾಟರಿಗೆ ಏಟು ಮಾಡಿ ಬಿಸಿಯಾಗಬಹುದು, ಬೆಂಕಿಯೂ ಹತ್ತಬಹುದು ಅಂತ. ರಿಪೇರಿಯಾದ ಯಂತ್ರ ಕೈಗೆ ಬಂದಾಗ ನಾನು ಮೊದಲು ಎಣಿಸುವುದು ಸ್ಕ್ರೂಗಳನ್ನೇ. ಕಡಿಮೆ ಇದ್ದರೆ ಒಂದು ಒಳಗೇ ಬಿದ್ದಿರಬಹುದು, ಅಥವಾ ಬೇರೆ ಜಾಗಕ್ಕೆ ಬೇರೆಯದು ಹೋಗಿರಬಹುದು.

ಕವರ್ ತೆಗೆಯುವಾಗ ಒಂದು ಕ್ಲಿಪ್ ಮುರಿಯಿತು. ಒಳಗಿಂದ ಒತ್ತಡ ಇದ್ದುದರಿಂದ ಅದು ಆಗಲೇ ಬಾಗಿತ್ತು.

ಒಳಗೆ ಮೂರು ಸೆಲ್ಲಿನ ಬ್ಯಾಟರಿ, ಬೆಳ್ಳಿ ಬಣ್ಣದ ಚೀಲದಂಥವು. ಪಕ್ಕದ ಎರಡು ಸೆಲ್ 7 ಮಿ.ಮೀ. ಆಸುಪಾಸು ದಪ್ಪ, ನಡುವಿನದು 11. ಮುಟ್ಟಿದರೆ ಬಲೂನಿನ ಹಾಗೆ. ಕನೆಕ್ಟರ್ ಕಿತ್ತು ಮಲ್ಟಿಮೀಟರ್ ಇಟ್ಟೆ. ಸೊನ್ನೆ ವೋಲ್ಟ್.

ಎರಡನೇ ತಪ್ಪು. ಸೊನ್ನೆ ನೋಡಿ ಬ್ಯಾಟರಿ ಪೂರ್ತಿ ಸತ್ತಿದೆ ಅಂದುಕೊಂಡೆ, ಧೈರ್ಯ ಜಾಸ್ತಿ ಆಯ್ತು. ಲ್ಯಾಪ್‌ಟಾಪ್ ಬ್ಯಾಟರಿಯ ಒಳಗೆ ಒಂದು ಕಾವಲು ಬೋರ್ಡು ಇರುತ್ತೆ. ಅದು ದಾರಿ ಮುಚ್ಚಿದರೆ ಹೊರಗಿನ ಪಿನ್ನುಗಳಲ್ಲಿ ಸೊನ್ನೆ ತೋರಿಸುತ್ತೆ, ಸೆಲ್ಲಿನಲ್ಲಿ ಇರುವುದು ಇದ್ದೇ ಇರುತ್ತೆ. ಮೋಟಾರಿನ ಕೆಲಸದಲ್ಲಿ ಮೀಟರ್ ಸೊನ್ನೆ ಅಂದರೆ ಸೊನ್ನೆಯೇ. ಆ ರೂಢಿಯನ್ನು ಇಲ್ಲಿಗೂ ತಂದೆ.

ಬ್ಯಾಟರಿಗೆ ಅದರ ಜಾಗದಲ್ಲಿ ನಾಲ್ಕು ಸ್ಕ್ರೂ ಇರಬೇಕಿತ್ತು. 2022ರಲ್ಲಿ ಹಾಕಿದ ಬ್ಯಾಟರಿಯ ತೂತುಗಳು ಹೊಂದಿರಲಿಲ್ಲ. ಅದಕ್ಕೆ ಡಬಲ್ ಟೇಪ್ ಹಾಕಿ ಅಂಟಿಸಿದ್ದರು. ಪ್ಲಾಸ್ಟಿಕ್ ಹಾಳೆ ಅಂಟಿನ ಒಳಗೆ ಹೋಗಲಿಲ್ಲ. ಹೇಗೂ ಸತ್ತಿದೆಯಲ್ಲ ಅಂತ ಸ್ಟೀಲ್ ಸ್ಕೇಲು ತೂರಿಸಿದೆ. ಎರಡು ಇಂಚು ಹೋಯ್ತು. ಆಮೇಲೆ ಜಾರಿ ಕೊನೆಯ ಸೆಲ್ಲಿನ ಅಂಚಿಗೆ ತಾಗಿತು.

ಸಿಹಿ ಸಿಹಿ ವಾಸನೆ ಬಂತು. ಉಗುರು ಬಣ್ಣ ಅಳಿಸುವ ದ್ರವದ ಹಾಗೆ. ಅದು ಸೆಲ್ಲಿನ ಒಳಗಿನ ದ್ರವದ ವಾಸನೆ. ಸ್ಕೇಲು ಬಿಟ್ಟು ಹಿಂದಕ್ಕೆ ಸರಿದೆ. ಹುಡುಗನನ್ನು ಗೇಟಿನ ಆಚೆಗೆ ಕಳಿಸಿದೆ. ಗಾಳಿಗೆ ಬೆನ್ನು ಕೊಟ್ಟು ಹತ್ತು ಅಡಿ ದೂರದಲ್ಲಿ, ಕೈಯಲ್ಲಿ ನೀರಿನ ಬಕೆಟ್ ಹಿಡಿದು ನಿಂತೆ. ಹೊಗೆ ಬರಲಿಲ್ಲ, ಸುಯ್ ಅನ್ನುವ ಸದ್ದೂ ಇಲ್ಲ. ಹಿಂದಿನ ದಿನ ಚಾರ್ಜ್ ಇಳಿಸಿದ್ದು ಕಾಪಾಡಿತು ಅಂತಲೇ ನನ್ನ ನಂಬಿಕೆ. ಮೂರು ಗಂಟೆ ಅದನ್ನು ಮುಟ್ಟಲಿಲ್ಲ, ಅಂಗಡಿ ಕೆಲಸವೂ ಮಾಡಲಿಲ್ಲ. ನೋಡುತ್ತಾ ಕೂತೆ.

ಮಧ್ಯಾಹ್ನ ಬೇರೆ ದಾರಿ ಹಿಡಿದೆ. ಪಕ್ಕದ ರೀಲಿಂಗ್ ಘಟಕದಿಂದ ಹುರಿ ಮಾಡಿದ ರೇಷ್ಮೆ ದಾರ ಎರಡು ಮೊಳ ತಂದೆ. ಬ್ಯಾಟರಿಯ ಅಡಿಗೆ ದಾರ ತೂರಿಸಿ, ಎರಡೂ ತುದಿ ಹಿಡಿದು, ಗರಗಸದ ಹಾಗೆ ಹಿಂದೆ ಮುಂದೆ ನಿಧಾನಕ್ಕೆ ಎಳೆದೆ. ಅಂಟು ಕತ್ತರಿಸುತ್ತಾ ಬಂತು. 25 ನಿಮಿಷದಲ್ಲಿ ಬ್ಯಾಟರಿ ಬಗ್ಗದೆ, ಸೆಲ್ಲಿಗೆ ಲೋಹ ತಾಗದೆ ಬಿಟ್ಟುಕೊಂಡಿತು. ಇದನ್ನೇ ಮೊದಲು ಮಾಡಬೇಕಿತ್ತು. ಹೇರ್ ಡ್ರೈಯರ್‌ನಿಂದ ಅಂಟು ಕರಗಿಸಬಹುದು ಅಂತ ಕೆಲವರು ಹೇಳುತ್ತಾರೆ. ಉಬ್ಬಿದ ಬ್ಯಾಟರಿಗೆ ಬಿಸಿ ಕೊಡುವುದು ಬೇಡವೇ ಬೇಡ.

ತೂಕ ಹಾಕಿದೆ, 206 ಗ್ರಾಂ. ಪಿನ್ನುಗಳಿಗೆ ಟೇಪ್ ಸುತ್ತಿ, ಮಣ್ಣಿನ ಕುಂಡದಲ್ಲಿ ಒಣ ಮರಳಿನ ನಡುವೆ ಇಟ್ಟು, ಬಯಲಿನ ಮೂಲೆಯಲ್ಲಿ ಮಳೆ ಬೀಳದ ಕಡೆ ಇಟ್ಟೆ. ಮೇಲೊಂದು ಹಂಚು, ಸಡಿಲವಾಗಿ. ಗ್ಯಾಸು ಬಂದರೆ ಹೊರಗೆ ಹೋಗಬೇಕು, ಅದಕ್ಕೇ ಬಿಗಿ ಮುಚ್ಚಳ ಹಾಕಬಾರದು.

ಏಪ್ರಿಲ್ 9

ಫ್ಯಾನ್ ಬಿಚ್ಚಿದೆ. ರೆಕ್ಕೆ, ಜಾಲರಿ ಪೂರ್ತಿ ಬಿಳಿ. ಹುಳು ಮನೆಯಲ್ಲಿ ಹುಳುವಿನ ಮೇಲೆ ಉದುರಿಸುವ ಸುಣ್ಣದ ಪುಡಿ, ಒಣ ಸೊಪ್ಪಿನ ಧೂಳು, ಎಲ್ಲ ಸೇರಿ ಗಾರೆ ಹಚ್ಚಿದ ಹಾಗೆ ಕೂತಿತ್ತು. ಗಾಳಿ ಆಡದೆ ಎಷ್ಟು ದಿನ ಈ ಯಂತ್ರ ಬೆಂದಿದೆಯೋ. ಬ್ಯಾಟರಿಗೆ ಬಿಸಿ ದೊಡ್ಡ ಶತ್ರು. ಬ್ರಷ್ಷಿನಲ್ಲಿ ಬಿಡಿಸಿ, ಹೊಸ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಆಚೆ ಸಾಗಿಸುವ ಲೇಪ) ಹಾಕಿದೆ. 120 ರೂಪಾಯಿ.

ಗುಜರಿಯವನು ಬಂದು ಕುಂಡ ನೋಡಿ, ಬ್ಯಾಟರಿ ಕೊಡಿ, 30 ರೂಪಾಯಿ ಕೊಡ್ತೀನಿ ಅಂದ. ಕೊಡಲಿಲ್ಲ. ಅವನು ಅದನ್ನು ಬೇರೆ ಕಬ್ಬಿಣದ ಜೊತೆ ಚೀಲದಲ್ಲಿ ಹಾಕಿ ಗಾಡಿಯಲ್ಲಿ ಕುಕ್ಕುತ್ತಾನೆ. ಯಾಕೆ ಕೊಡಲ್ಲ ಅಂತ ಅವನಿಗೂ ಬಿಡಿಸಿ ಹೇಳಿದೆ. ಅವನ ಕೈಯೂ ಕೈಯೇ ಅಲ್ವಾ. ಬಳಸಿದ ಬ್ಯಾಟರಿಯನ್ನು ಮನೆ ಕಸದ ಜೊತೆ ಹಾಕದೆ ಬೇರೆ ಇಡಬೇಕು, ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು ಅಂತ 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲೇ ಇದೆ. ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ಇ-ತ್ಯಾಜ್ಯ ಕೂಡಿಸುತ್ತಿದ್ದಾರೆ, ಮಾನ್ಯತೆ ಇರುವ ಮರುಬಳಕೆಯವರು ತಿಂಗಳ ಕೊನೆಗೆ ಬರುತ್ತಾರೆ ಅಂತ ಗೊತ್ತಾಯ್ತು. ಅಲ್ಲಿಯವರೆಗೆ ಕುಂಡದಲ್ಲೇ ಇರಲಿ ಅಂತ ಬಿಟ್ಟೆ. ಬಸ್ಸಿನಲ್ಲಿ ಜನರ ಮಧ್ಯೆ ಒಯ್ಯೋಕೆ ಮನಸ್ಸು ಬರಲಿಲ್ಲ.

ಏಪ್ರಿಲ್ 10ರಿಂದ 13: ಅಗ್ಗದ ಬ್ಯಾಟರಿ

ಕಂಪನಿ ಬ್ಯಾಟರಿಗೆ 4,100 ರೂಪಾಯಿ ಅಂದರು, ಒಂದು ವಾರ ಕಾಯಬೇಕು. ಆನ್‌ಲೈನ್‌ನಲ್ಲಿ 1,450ಕ್ಕೆ ಸಿಕ್ಕಿತು. ಪುಟ್ಟಿಗೆ ಪ್ರಾಜೆಕ್ಟ್ ಕೊಡುವ ಗಡುವು ಹತ್ತಿರ ಇತ್ತು. ತರಿಸಿದೆ. 12ರ ಶನಿವಾರ ಬಂತು.

ಡಬ್ಬ ಬಿಚ್ಚಿದಾಗಲೇ ಮನಸ್ಸು ಒಪ್ಪಲಿಲ್ಲ. ಮೇಲೆ 5200 ಮಿಲಿ ಆಂಪ್ ಅವರ್ ಅಂತ ಬರೆದಿತ್ತು. 11.4 ವೋಲ್ಟಿಗೆ ಗುಣಿಸಿದರೆ 59 ವ್ಯಾಟ್ ಅವರ್. ತಕ್ಕಡಿಗೆ ಹಾಕಿದರೆ 171 ಗ್ರಾಂ. ಹಳೆಯದು 42 ವ್ಯಾಟ್ ಅವರ್‌ಗೆ 206 ಗ್ರಾಂ ಇತ್ತು. ಜಾಸ್ತಿ ತುಂಬುವ ಸೆಲ್ ಕಡಿಮೆ ತೂಗುವುದು ಹೇಗೆ? ಲೇಬಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇರಲಿಲ್ಲ. ನಮ್ಮ ದೇಶದಲ್ಲಿ ಇಂಥ ಲಿಥಿಯಂ ಬ್ಯಾಟರಿಗೆ ಐಎಸ್ 16046 ಅನ್ನುವ ಮಾನದಂಡದ ಪ್ರಕಾರ ನೋಂದಣಿ ಕಡ್ಡಾಯ. ಆರ್ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಅಚ್ಚಾಗಿರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿ ಯಾರದ್ದು ಅಂತ ನೋಡಬಹುದು. ಇದರಲ್ಲಿ ನಂಬರೇ ಇಲ್ಲ. ಸ್ಕ್ರೂ ತೂತೂ 2 ಮಿ.ಮೀ. ಆಚೀಚೆ.

ಇಷ್ಟೆಲ್ಲ ಕಂಡ ಮೇಲೂ ನಾನು ಅದನ್ನು ಹಾಕಿದೆ. ಇದು ಮೂರನೇ ತಪ್ಪು. ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು ಇದೇ, ಯಾಕೆಂದರೆ ಮೊದಲೆರಡು ಗೊತ್ತಿಲ್ಲದೆ ಆದವು, ಇದು ಗೊತ್ತಿದ್ದೂ ಮಾಡಿದ್ದು. ಒಂದು ಸಲ ನೋಡೋಣ ಅನ್ನುವ ಆಸೆ. ಬಯಲಿನ ಚಪ್ಪಡಿ ಮೇಲೆ, ಥರ್ಮಾಮೀಟರಿನ ತಂತಿಯನ್ನು ಬ್ಯಾಟರಿಗೆ ಅಂಟಿಸಿ ಚಾರ್ಜಿಗೆ ಹಾಕಿದೆ. ಹೊರಗೆ 33 ಡಿಗ್ರಿ. 20 ನಿಮಿಷಕ್ಕೆ 41. 40 ನಿಮಿಷಕ್ಕೆ 47. ಇಂಥ ಸೆಲ್ಲುಗಳನ್ನು 45ರ ಮೇಲೆ ಚಾರ್ಜ್ ಮಾಡಬಾರದು. ಕಾವಲು ಬೋರ್ಡು ತಾನೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಪ್ಲಗ್ ಕಿತ್ತೆ, ಬ್ಯಾಟರಿ ಬಿಚ್ಚಿ ಮರಳಿಗೆ ಹಾಕಿದೆ. ಎರಡು ದಿನ ನೋಡಿ, ಉಬ್ಬಿಲ್ಲ ಅಂತ ಖಾತ್ರಿ ಮಾಡಿಕೊಂಡು ಮಾರಿದವರಿಗೆ ವಾಪಸ್ ಕೊಟ್ಟೆ. ಬಿಸಿಯಾದದ್ದನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ದುಡ್ಡು ಬಂತು.

ಒಬ್ಬ ಸ್ನೇಹಿತ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 900ಕ್ಕೆ ಸೆಲ್ ಮಾತ್ರ ಬದಲಾಯಿಸಿ ಕೊಡುತ್ತಾರೆ ಅಂದ. 2021ರಲ್ಲಿ ನಾನೇ ಒಂದು ಹಳೇ ಲ್ಯಾಪ್‌ಟಾಪಿಗೆ ದುಂಡು ಸೆಲ್ ಬದಲಾಯಿಸಿದ್ದೆ. ಎರಡು ತಿಂಗಳಲ್ಲಿ ಒಂದು ಜೋಡಿ ಬೇಗ ತುಂಬೋಕೆ, ಇನ್ನೊಂದು ಹಿಂದುಳಿಯೋಕೆ ಶುರುವಾಯ್ತು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದ ಬಿಸಿಯೂ ಕಾರಣ ಇರಬೇಕು. ಬಿಚ್ಚಿ ಎಸೆದೆ. ಯಾರೂ ಇಲ್ಲದ ಮನೆಯಲ್ಲಿ ರಾತ್ರಿ ಚಾರ್ಜ್ ಆಗುವ ಯಂತ್ರಕ್ಕೆ ಅಂಥ ಕೆಲಸ ನಾನು ಮಾಡಲ್ಲ, ಮಾಡಿಸುವುದೂ ಇಲ್ಲ.

ಏಪ್ರಿಲ್ 19, ಶನಿವಾರ: ಸರಿಯಾದ ಬ್ಯಾಟರಿ

ಬೆಂಗಳೂರಿಗೆ ಎರಡು ಸಲ ಹೋದೆ, ಒಮ್ಮೆ ಮುಂಗಡ ಕಟ್ಟೋಕೆ, ಒಮ್ಮೆ ತರೋಕೆ. ಬಸ್ಸಿಗೆ ಎಲ್ಲ ಸೇರಿ 400. ಬ್ಯಾಟರಿ 4,100, ಬಿಲ್ ಸಮೇತ. ಲೇಬಲ್ ಮೇಲೆ ನೋಂದಣಿ ನಂಬರ್ ಇದೆ, ಆ್ಯಪಿನಲ್ಲಿ ತಾಳೆ ಆಯ್ತು. ತಯಾರಾಗಿ ಐದು ತಿಂಗಳು. ತೂಕ 203 ಗ್ರಾಂ. ನಾಲ್ಕು ಸ್ಕ್ರೂ ತೂತೂ ಸರಿಯಾಗಿ ಕೂತವು. ಟೇಪ್ ಬೇಕಾಗಲಿಲ್ಲ.

ಕವರ್ ಮುಚ್ಚುವ ಮುಂಚೆ ಲ್ಯಾಪ್‌ಟಾಪನ್ನು ಕಿವಿಯ ಹತ್ತಿರ ಹಿಡಿದು ನಾಲ್ಕೂ ಕಡೆ ವಾಲಿಸಿದೆ. ಕಿಣಿ ಅನ್ನುವ ಸದ್ದಿಲ್ಲ. ಬ್ಯಾಟರಿಗೆ 4, ಕವರಿಗೆ 11, ಒಟ್ಟು 15 ಸ್ಕ್ರೂ. ಕಾಣೆಯಾಗಿದ್ದ ಎರಡು, ಜೊತೆಗೆ ಬ್ಯಾಟರಿಯ ನಾಲ್ಕು ಹೊಸದಾಗಿ ತಂದೆ, 60 ರೂಪಾಯಿ. ಚಾರ್ಜರ್ ಕೂಡ ಬದಲಾಯಿಸಿದೆ, 1,350. ಹಳೆಯದರ ವೈರು ಎರಡು ಕಡೆ ಟೇಪ್ ಸುತ್ತಿದ್ದು, ಪಿನ್ ಅಲ್ಲಾಡುತ್ತಿತ್ತು.

ಮೊದಲ ಚಾರ್ಜ್ ಹಗಲಲ್ಲೇ, ಅದೇ ಚಪ್ಪಡಿ ಮೇಲೆ, ಅದೇ ಥರ್ಮಾಮೀಟರ್. ಹೊರಗೆ 33. ಅತಿ ಹೆಚ್ಚು ಅಂದರೆ 39, ಶೇ. 70ರ ಹತ್ತಿರ. ಆಮೇಲೆ ಇಳಿಯಿತು. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್) ಶೇ. 80ಕ್ಕೆ ಚಾರ್ಜ್ ನಿಲ್ಲುವ ಹಾಗೆ ಮಾಡಿದೆ. ಸದಾ ಪ್ಲಗ್ಗಿನಲ್ಲಿರುವ ಲ್ಯಾಪ್‌ಟಾಪಿಗೆ ಇದು ಒಳ್ಳೆಯದು. ಒಂದು ವಾರ ನನ್ನ ಹತ್ತಿರವೇ ಇಟ್ಟುಕೊಂಡು ದಿನಾ ಚಾರ್ಜ್ ಮಾಡಿ ಇಳಿಸಿ ನೋಡಿದೆ. ಆ ವಾರ ಪುಟ್ಟಿ ನನ್ನ ಅಂಗಡಿಗೇ ಬಂದು ಪ್ರಾಜೆಕ್ಟ್ ಮುಗಿಸಿದಳು.

ಖರ್ಚು: ಬ್ಯಾಟರಿ 4,100, ಚಾರ್ಜರ್ 1,350, ಬಸ್ 400, ಕೈಗವಸು ಮತ್ತಿತರ 150, ಪೇಸ್ಟ್ 120, ವಾಪಸ್ ಕಳಿಸಿದ್ದಕ್ಕೆ 90, ಸ್ಕ್ರೂ 60. ಒಟ್ಟು 6,270.

ಏಪ್ರಿಲ್ 26, ಶನಿವಾರ

ಸಂಜೆ ತಂಪಾದ ಮೇಲೆ ಲ್ಯಾಪ್‌ಟಾಪ್ ಚೀಲದಲ್ಲಿ ಹಾಕಿಕೊಂಡು ಅಕ್ಕನ ಊರಿಗೆ ಹೋದೆ. ಹುಳು ಹಣ್ಣಾಗಿ ಚಂದ್ರಂಕಿಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೂ ಹಾಕಿ ಆಗಿತ್ತು. ಹುಳು ಮನೆಯ ಆ ಪ್ಲಗ್ಗಿನ ಕೆಳಗಿನ ಸ್ಟೂಲನ್ನು ನಾನೇ ತೆಗೆದೆ. ನಡುಮನೆಯಲ್ಲಿ ಕಲ್ಲಿನ ಗೂಡು ಇದೆ, ಸುತ್ತ ಬಟ್ಟೆ ಇಲ್ಲ, ಮೇಲೆ ಏನೂ ಇಲ್ಲ. ಚಾರ್ಜ್ ಅಲ್ಲೇ, ಎಚ್ಚರ ಇರುವಾಗ ಮಾತ್ರ ಅಂತ ಮಾತಾಯ್ತು. ಯುಪಿಎಸ್‌ನಿಂದ ಅಲ್ಲಿಗೆ ಒಂದು ಪಾಯಿಂಟ್ ಎಳೆದುಕೊಟ್ಟೆ.

"ಲೋ, ಇಷ್ಟು ದುಡ್ಡಿಗೆ ಹಳೇದು ಇನ್ನೊಂದೇ ಬರ್ತಿತ್ತಲ್ಲೋ" ಅಂದಳು ಅಕ್ಕ. ಬರುತ್ತಿತ್ತು ಅಕ್ಕ, ಅದರ ಒಳಗೆ ಎಂಥ ಬ್ಯಾಟರಿ ಇರುತ್ತಿತ್ತೋ ಅಂದೆ.

ಪುಟ್ಟಿಗೆ ಒಂದೇ ಕೆಲಸ ಹೇಳಿಕೊಟ್ಟೆ. ತಿಂಗಳಿಗೊಮ್ಮೆ ಲ್ಯಾಪ್‌ಟಾಪ್ ಮುಚ್ಚಿ ಚಪ್ಪಟೆ ನೆಲದ ಮೇಲಿಟ್ಟು ನಾಲ್ಕು ಮೂಲೆಯನ್ನೂ ಬೆರಳಲ್ಲಿ ಒತ್ತುವುದು. ಅಲ್ಲಾಡಿದರೆ, ಮೌಸ್ ಪ್ಯಾಡ್ ಗಟ್ಟಿಯಾದರೆ, ಚಾರ್ಜರ್ ಕಿತ್ತು ಹಿತ್ತಲ ಕಲ್ಲಿನ ಮೇಲಿಟ್ಟು ನನಗೆ ಫೋನ್ ಮಾಡುವುದು. ನನ್ನ ಮುಂದೆಯೇ ಒಮ್ಮೆ ಒತ್ತಿ ನೋಡಿದಳು. ಅಲ್ಲಾಡಲಿಲ್ಲ.

ಹಳೇ ಬ್ಯಾಟರಿಯನ್ನು ನಿನ್ನೆ ಕುಂಡದ ಸಮೇತ ಸ್ನೇಹಿತನ ತೆರೆದ ಟೆಂಪೋದಲ್ಲಿ ಬೆಳಗಿನ ಜಾವ ಚಿಕ್ಕಬಳ್ಳಾಪುರಕ್ಕೆ ತಲುಪಿಸಿದ್ದಾಯ್ತು. ಮುರಿದ ಕ್ಲಿಪ್ಪಿಗೆ ಬದಲಿ ಇನ್ನೂ ಸಿಕ್ಕಿಲ್ಲ. ಇದೇ ಮಾದರಿಯ ಕೆಟ್ಟ ಲ್ಯಾಪ್‌ಟಾಪಿನ ಅಡಿಯ ಕವರ್ ಯಾರ ಹತ್ತಿರವಾದರೂ ಇದೆಯಾ ಅಂತ ವಿಚಾರಿಸುತ್ತಿದ್ದೇನೆ.